ನೀರಿನ ಕೆಲಸ, ಕರೆಂಟಿನ ಕೆಲಸ

ಎಂಜಿನ್ ಕೊಂದವಳು ನಾನಲ್ಲ. ಮಿಕ್ಕ ಮಾತು ಆಮೇಲೆ, ಮೊದಲು ಇದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲ್ಲೂಕಿನಲ್ಲಿ ಗಾಡಿ ಇಟ್ಟುಕೊಂಡ ಯಾರನ್ನು ಬೇಕಾದರೂ ಕೇಳಿ, ಕಳೆದ ದಸರಾದಲ್ಲಿ ಭದ್ರಾ ಹಿನ್ನೀರಿನ ನಡುವೆ ಯಜ್ಞೇಶರ ಬೋಟು ನಿಂತದ್ದು ದಾಕ್ಷಾಯಿಣಿಯ ವೈರಿಂಗಿನಿಂದ ಅನ್ನುತ್ತಾರೆ. ಆ ದಾಕ್ಷಾಯಿಣಿ ನಾನು. ಇಪ್ಪತ್ತು ವರ್ಷ ವೈರು ಕಟ್ಟಿ ಸಂಪಾದಿಸಿದ ಹೆಸರು ಒಂದೇ ಮಧ್ಯಾಹ್ನದಲ್ಲಿ ನೀರುಪಾಲಾಯಿತು. ಅದು ನನಗೆ ವಾಪಸು ಬೇಕಿತ್ತು, ಕಿತ್ತುಕೊಂಡವರ ಬಾಯಿಂದಲೇ ಬೇಕಿತ್ತು. ಅಷ್ಟೇ ನನ್ನ ಹಟ.

ನಾನು ಕೆರೆಕಟ್ಟೆಯವಳು. ಅಮ್ಮ ಎಸ್ಟೇಟಿನಲ್ಲಿ ಕಾಫಿ ಕೊಯ್ಯುತ್ತಿದ್ದಳು, ನನಗೂ ಅದೇ ಬುಟ್ಟಿ ಕಾದಿತ್ತು. ಹದಿನೆಂಟರಲ್ಲಿ ಕೊಪ್ಪಕ್ಕೆ ಬಂದು ಬಸ್‌ಸ್ಟ್ಯಾಂಡಿನ ಹಿಂದಿರುವ ಸುಂದರೇಶಣ್ಣನ ಗ್ಯಾರೇಜಿನಲ್ಲಿ ಬಿಡಿಭಾಗ ತೊಳೆಯುವ ಕೆಲಸಕ್ಕೆ ಸೇರಿದೆ. ಆರು ತಿಂಗಳಲ್ಲಿ ಅವರು ನನ್ನ ಕೈಗೆ ಕರೆಂಟು ನೋಡುವ ಟೆಸ್ಟ್ ಲ್ಯಾಂಪ್ ಕೊಟ್ಟು, "ನಿನ್ನ ಬೆರಳು ಸಣ್ಣದು, ಕಣ್ಣು ಚುರುಕು, ಇದನ್ನ ಕಲಿ" ಅಂದರು. ಹೆಂಗಸು ಮುಟ್ಟಿದ ಲಾರಿ ಘಾಟಿ ಹತ್ತುವುದಿಲ್ಲ ಎಂದು ಒಬ್ಬ ಮಾಲೀಕ ತಕರಾರು ತೆಗೆದಾಗ, "ಹಾಗಾದ್ರೆ ತಳ್ಕೊಂಡು ಹೋಗು ಮಾರಾಯ" ಎಂದು ಕೀ ಅವನ ಕೈಗಿಟ್ಟವರು ಅವರು. ನನಗೆ ಒಡಹುಟ್ಟಿದ ಅಣ್ಣ ಇಲ್ಲ. ಇಲ್ಲ ಅಂತ ಯಾವತ್ತೂ ಅನ್ನಿಸಿರಲೂ ಇಲ್ಲ.

ನಮ್ಮ ಗ್ಯಾರೇಜಿನಲ್ಲಿ ಒಂದು ಕಟ್ಟಳೆ. ನೀರು, ಆಯಿಲ್, ಕಬ್ಬಿಣ ಅವರ ಕೆಲಸ. ಕರೆಂಟು, ವೈರು, ಕಂಪ್ಯೂಟರು ನನ್ನ ಕೆಲಸ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕುವುದಿಲ್ಲ, ಇಣುಕಿಯೂ ನೋಡುವುದಿಲ್ಲ. ಅದು ನಂಬಿಕೆ ಅಂದುಕೊಂಡಿದ್ದೆ.

ಯಜ್ಞೇಶರಿಗೆ ನರಸಿಂಹರಾಜಪುರದ ಆಚೆ, ಹಿನ್ನೀರಿನ ದಡದಲ್ಲಿ ಒಂದು ರೆಸಾರ್ಟ್. ಅಲ್ಲೊಂದು ಹಳೆಯ ಸ್ಪೀಡ್‌ಬೋಟು ಎಂಜಿನ್ ಕೆಟ್ಟು ದಡ ಹತ್ತಿ ಕೂತಿತ್ತು. ಹೊಸ ಬೋಟಿನ ಎಂಜಿನ್ ತರಿಸುವ ಬದಲು ಅವರು ಮಂಗಳೂರಿನ ಗುಜರಿಯಿಂದ ಒಂದು ಕಾರಿನ ಎಂಜಿನ್ ತಂದರು. ಘಾಟಿಯಲ್ಲಿ ಮರಕ್ಕೆ ಗುದ್ದಿದ್ದ ದೊಡ್ಡ ವಿದೇಶಿ ಕಾರು, ವಿ-ಏಟ್ ಎಂಜಿನ್. ಆ ಕಡೆ ನಾಲ್ಕು, ಈ ಕಡೆ ನಾಲ್ಕು, ಒಟ್ಟು ಎಂಟು ಸಿಲಿಂಡರು, ಪೂರ್ತಿ ಅಲ್ಯುಮಿನಿಯಂ. ಜೀಪಿನಿಂದ ಇಳಿಸಿದ ದಿನ ನೋಡಲು ಕೊಪ್ಪದ ಅಡಿಕೆ ಮಂಡಿಯವರೂ ಬಂದರು.

"ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲ ಸುಂದರಣ್ಣ" ಅಂದೆ ನಾನು.

"ಇರ್ಲಿ ಮಾರಾಯ್ತಿ. ನಮ್ಮ ಕಡೆ ಇಂಥದ್ದನ್ನ ನೀರಿಗೆ ಇಳಿಸಿದವ್ರು ಯಾರೂ ಇಲ್ಲ. ನಾವು ಇಳಿಸೂದು" ಅಂದರು. ಐವತ್ತೆಂಟು ವರ್ಷದ ಮನುಷ್ಯ ಎಂಜಿನ್ನಿನ ಸುತ್ತ ಮೂರು ಸುತ್ತು ಬಂದರು. ಆ ಖುಷಿ ನೋಡಿ ನನಗೂ ಹುಚ್ಚು ಹತ್ತಿತು.

ಕಾರಿನ ಎಂಜಿನ್ನನ್ನು ಬೋಟಿಗೆ ಹಾಕುವುದೆಂದರೆ ಬೋಲ್ಟು ಬಿಗಿದು ಕೈ ತೊಳೆದುಕೊಳ್ಳುವ ಕೆಲಸವಲ್ಲ. ಕಾರಿನಲ್ಲಿ ರೇಡಿಯೇಟರಿಗೆ ಗಾಳಿ ಬಡಿದು ತಂಪಾಗುತ್ತದೆ. ಬೋಟಿನಲ್ಲಿ ಕೆರೆಯ ನೀರನ್ನೇ ಎಳೆದು ಎಂಜಿನ್ನಿನೊಳಗೆ ಸುತ್ತಾಡಿಸಿ ಹೊರಗೆ ಬಿಡಬೇಕು. ಸೈಲೆನ್ಸರಿಗೂ ನೀರಿನ ಕವಚ ಬೇಕು, ಇಲ್ಲವಾದರೆ ಬೋಟಿನ ಫೈಬರ್ ಮೈ ಸುಟ್ಟೀತು. ಅದೆಲ್ಲ ಅವರದು. ನನ್ನ ಪಾಲಿನದು ಎಂಜಿನ್ನಿನ ಕಂಪ್ಯೂಟರು. ಈ ಕಾಲದ ಎಂಜಿನ್ನಿಗೆ ಅಹಂಕಾರ ಜಾಸ್ತಿ. ತನ್ನ ಕೀ ಎಲ್ಲಿ, ತನ್ನ ಗೇರ್‌ಬಾಕ್ಸ್ ಎಲ್ಲಿ, ಬ್ರೇಕ್ ಎಲ್ಲಿ ಎಂದು ಕೇಳುತ್ತದೆ, ಉತ್ತರ ಸಿಗದಿದ್ದರೆ ಮುಷ್ಕರ ಹೂಡುತ್ತದೆ. ಇನ್ನೂ ಕಾರಿನಲ್ಲೇ ಇದ್ದೇನೆ ಎಂದು ಅದನ್ನು ನಂಬಿಸಬೇಕು. ಎರಡು ತಿಂಗಳು ಕೂತು ನಾನು ಆ ಕಂತೆಯಷ್ಟು ವೈರನ್ನು ಒಂದೊಂದಾಗಿ ಬಿಡಿಸಿ, ಬೇಡದ್ದನ್ನು ತೆಗೆದು, ಹೊಸದಾಗಿ ಕಟ್ಟಿದೆ. ಬೋಟಿನ ಹೊಟ್ಟೆಯಲ್ಲಿ ಪೆಟ್ರೋಲಿನ ಆವಿ ಕೂತರೆ ಒಂದು ಕಿಡಿ ಸಾಕು ಎಂದು ಪ್ರತಿ ಜಾಯಿಂಟಿಗೂ ಬೆಸುಗೆ ಹಾಕಿ ಮೇಲೆ ರಬ್ಬರ್ ಸ್ಲೀವ್ ಏರಿಸಿದೆ. ಫ್ಯಾನು ನಾಲ್ಕು ನಿಮಿಷ ತಿರುಗಿ ಆವಿ ಹೊರಹೋಗುವವರೆಗೆ ಸ್ಟಾರ್ಟೇ ಆಗದ ಹಾಗೆ ಮಾಡಿದೆ. ನನ್ನ ಜೀವನದಲ್ಲಿ ಅಂಥ ಕೆಲಸ ಮಾಡಿರಲಿಲ್ಲ, ಹೇಳಿಕೊಳ್ಳಲು ನಾಚಿಕೆ ಯಾಕೆ.

ಆಗಸ್ಟ್ ಕೊನೆಗೆ ಎಂಜಿನ್ನನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ ಓಡಿಸಿದೆವು. ತಂಪಿಗೆ ನೀರು ಬೇಕಲ್ಲ, ಸುಂದರಣ್ಣ ಕಡಹಿನಬೈಲಿನ ತಮ್ಮ ತೋಟದಿಂದ ಇನ್ನೂರು ಲೀಟರಿನ ಡ್ರಮ್ಮು ತಂದು ಶೆಡ್ಡಿನ ಹಿಂದೆ ಇಟ್ಟರು. ಪಂಪು ಅದರಿಂದ ನೀರೆಳೆಯುತ್ತಿತ್ತು, ಬಿಸಿನೀರು ಅದಕ್ಕೇ ವಾಪಸು ಬೀಳುತ್ತಿತ್ತು. ಗೋಡೆಯ ಈಚೆ ನಾನು ಲ್ಯಾಪ್‌ಟಾಪ್ ಹಿಡಿದು ಕೂತಿದ್ದೆ. ಮೊದಲ ಸಲ ಎಂಟೂ ಸಿಲಿಂಡರು ಒಟ್ಟಿಗೆ ಗುಡುಗಿದಾಗ ನಾನು ಅತ್ತೆ, ಅವರು ನಕ್ಕರು. ಆರು ದಿನ ಓಡಿಸಿ ನಿಲ್ಲಿಸಿ, ಒಳಗಿನ ನೀರು ಸಮೇತ ಮುಚ್ಚಿಟ್ಟರು. ಸೆಪ್ಟೆಂಬರಿನಲ್ಲಿ ಬೋಟಿಗೆ ಏರಿಸಿದೆವು.

ದಸರಾದ ದಿನ ಜೆಟ್ಟಿಯಲ್ಲಿ ಜನವೋ ಜನ. ಯಜ್ಞೇಶರು ಸ್ಟೀರಿಂಗ್ ಹಿಡಿದರು. ಪಕ್ಕದಲ್ಲಿ ಸುಂದರಣ್ಣ, ಹಿಂದೆ ಲ್ಯಾಪ್‌ಟಾಪಿನೊಂದಿಗೆ ನಾನು, ತುದಿಯಲ್ಲಿ ಬೋಟಿನ ಆಳು ಗುರುವ. ಹಿನ್ನೀರು ತುಂಬಿತ್ತು. ಯಜ್ಞೇಶರು ಲಿವರ್ ಒತ್ತಿದ್ದೇ ತಡ, ಬೋಟಿನ ಮೂತಿ ಎದ್ದು ನಿಂತಿತು. ಗುರುವ, "ಅಯ್ಯಯ್ಯಪ್ಪಾ" ಎಂದು ಹಗ್ಗ ಹಿಡಿದು ಕೂತುಬಿಟ್ಟ. ಹನ್ನೊಂದು ನಿಮಿಷ, ನಾನು ನೋಡಿಕೊಂಡಿದ್ದೇನೆ, ಹನ್ನೊಂದು ನಿಮಿಷ ನಾವು ಹಾರಿದೆವು. ಆಮೇಲೆ ನನ್ನ ಪರದೆಯಲ್ಲಿ ಆಯಿಲ್ ಪ್ರೆಶರ್ ಇಳಿಯತೊಡಗಿತು.

"ಆಫ್ ಮಾಡಿ!" ಎಂದು ಕಿರುಚಿದೆ. ಆ ಸದ್ದಿನಲ್ಲಿ ಯಜ್ಞೇಶರಿಗೆ ಕೇಳಿಸಲಿಲ್ಲ. ಎದ್ದು ಹೋಗಿ ಕೀ ತಿರುಗಿಸುವಷ್ಟರಲ್ಲಿ ಒಳಗೆ ಲಟಲಟ ಎಂದು ಏನೋ ಬಡಿದುಕೊಂಡು ಎಂಜಿನ್ ಬಿಗಿದು ನಿಂತುಹೋಯಿತು. ನಡುನೀರಿನಲ್ಲಿ ನಿಂತೆವು. ಸುಂದರಣ್ಣ ಆಯಿಲ್ ಕಡ್ಡಿ ಎಳೆದು ನೋಡಿದರು, ತಟ್ಟನೆ ಕೈ ಒರೆಸುವ ಬಟ್ಟೆಯಲ್ಲಿ ಒರೆಸಿ ವಾಪಸು ತುರುಕಿದರು. ಮೀನು ಹಿಡಿಯುವವರ ತೆಪ್ಪ ಎರಡು ಬಂದು ನಮ್ಮನ್ನು ದಡಕ್ಕೆ ಎಳೆದವು.

ದಡದಲ್ಲಿ ಎಲ್ಲರೂ ಒಂದೇ ಪ್ರಶ್ನೆ ಕೇಳಿದರು. ಸುಂದರಣ್ಣ ನನ್ನ ಕಡೆ ನೋಡಲಿಲ್ಲ.

"ವೈರಿಂಗು" ಅಂದರು. "ಬಿಸಿ ತೋರಿಸೂ ಸೆನ್ಸರಿನ ವೈರು ಎಲ್ಲೋ ತಪ್ಪಿದೆ. ಎಂಜಿನ್ ಕಾದದ್ದು ಗೊತ್ತೇ ಆಗ್ಲಿಲ್ಲ."

"ಸುಂದರಣ್ಣ, ಬಿಸಿ ಎಂಬತ್ತೆರಡೇ ಡಿಗ್ರಿ ಇತ್ತು. ನಾನು ನೋಡ್ತಾ ಇದ್ದೆ" ಅಂದೆ.

"ಅದೇ ಅಲ್ವಾ ನಾ ಹೇಳೂದು. ತಪ್ಪು ತೋರಿಸಿದ್ದು" ಅಂದರು. ಆಮೇಲೆ ಯಜ್ಞೇಶರಿಗೆ, ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ, "ಹೆಣ್ಣುಮಕ್ಳ ಕೈಗೆ ಇಷ್ಟು ದೊಡ್ಡ ಕೆಲಸ ಕೊಡಬಾರದಿತ್ತು, ನನ್ನದೇ ತಪ್ಪು" ಅಂದರು.

ನಂಬುತ್ತೀರೋ ಇಲ್ಲವೋ, ನನಗೆ ಸಿಟ್ಟು ಬರಲಿಲ್ಲ. ಹೆದರಿಕೆ ಬಂತು. ಸುಂದರಣ್ಣ ಹೇಳಿದರೆಂದರೆ ನಿಜವಿರಬೇಕು ಅನ್ನಿಸಿತು. ಎಂಟು ದಿನ ನಾನು ನನ್ನ ಕೈಯನ್ನೇ ಅನುಮಾನಿಸಿದೆ. ನಕ್ಷೆ ತೆಗೆದು ಒಂದೊಂದು ವೈರಿನ ಮೇಲೆ ಬೆರಳಿಟ್ಟು ಲೆಕ್ಕ ಹಾಕಿದೆ. ಊಟ ಸೇರಲಿಲ್ಲ. ಅಷ್ಟರಲ್ಲಿ ಸುದ್ದಿ ಘಾಟಿ ಹತ್ತಿ ಇಳಿದಿತ್ತು. ಶೃಂಗೇರಿಯ ರಾಕೇಶ, ಮೂರು ಟೆಂಪೋ ಟ್ರಾವೆಲರ್ ಇಟ್ಟವನು, ವರ್ಷಗಟ್ಟಲೆ ನನ್ನ ಬಿಟ್ಟು ಬೇರೆಯವರಿಗೆ ಬಾನೆಟ್ ತೆರೆಯದವನು, ಫೋನ್ ಮಾಡಿ, "ಅಕ್ಕಾ, ಸದ್ಯ ಬೇಡ, ಪ್ಯಾಸೆಂಜರ್ ಕೂರೂ ಗಾಡಿ ಅಲ್ವಾ" ಅಂದ. ಆಟೋ ಸ್ಟ್ಯಾಂಡಿನಲ್ಲಿ ಒಬ್ಬ ನನ್ನ ಕಂಡು, "ಲೈಫ್ ಜಾಕೆಟ್ ಹಾಕ್ಕೊಳ್ರೋ, ದಾಕ್ಷಕ್ಕ ಬಂದ್ರು" ಅಂದ. ಅವನ ಮೀಟರು ಸರಿ ಮಾಡಿಕೊಟ್ಟವಳು ನಾನೇ. ಗ್ಯಾರೇಜಿಗೂ ಕೆಲವು ದಿನ ಬರಬೇಡ ಎಂದು ಸುಂದರಣ್ಣ ಹೇಳಿ ಕಳಿಸಿದ್ದರು.

ಒಂಬತ್ತನೇ ದಿನ ಗುರುವ ಕೊಪ್ಪದ ಸಂತೆಗೆ ಬಂದವನು ನನ್ನ ಬಾಡಿಗೆ ಮನೆಯ ಬಾಗಿಲಿಗೆ ಬಂದ. ಎಂಜಿನ್ನನ್ನು ಬೋಟಿನಿಂದ ಇಳಿಸಿ ಗ್ಯಾರೇಜಿಗೆ ತಂದು ಬಿಚ್ಚುವಾಗ ಅವನೂ ಕೈ ಹಚ್ಚಿದ್ದನಂತೆ.

"ಅಕ್ಕಾ, ಆ ಎಂಜಿನ್ ಒಳಗೆ ತಾಮ್ರ ಉಂಟಾ?" ಎಂದು ಕೇಳಿದ. "ಗುಜರಿಯವ್ರು ತಾಮ್ರ ಅಂದ್ರೆ ಬಿಡಲ್ಲ, ಅದಕ್ಕೆ ಕೇಳಿದ್ದು."

"ಯಾಕೋ?"

"ಒಳಗಿನ ಬೋಲ್ಟೆಲ್ಲ ಕೆಂಪಗಿತ್ತು. ಬೋರ್ಡೋಗೆ ಕತ್ತಿ ಅದ್ದಿದ ಹಾಗೆ."

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಅಡಿಕೆ ತೋಟ ಇರುವ ಕಡೆ ಹುಟ್ಟಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ, ಆದರೂ ಹೇಳುತ್ತೇನೆ. ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಮಾಡುತ್ತಾರೆ. ಮೈಲುತುತ್ತವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಡ್ರಮ್ಮಿನ ನೀರಿನಲ್ಲಿ ಇಳಿಬಿಟ್ಟು ಕರಗಿಸುತ್ತಾರೆ. ಸುಣ್ಣ ಸಾಕಾಯಿತೋ ಇಲ್ಲವೋ ನೋಡಲು ಹೊಳೆಯುವ ಕತ್ತಿಯನ್ನು ಅದ್ದುತ್ತಾರೆ. ಕತ್ತಿಯ ಮೇಲೆ ಕೆಂಪು ಕೂತರೆ ಮೈಲುತುತ್ತ ಇನ್ನೂ ಹೆಚ್ಚಿದೆ, ಸುಣ್ಣ ಬೇಕು ಎಂದರ್ಥ. ಆ ಕೆಂಪು ಮೈಲುತುತ್ತದೊಳಗಿನ ತಾಮ್ರ. ಕಬ್ಬಿಣಕ್ಕೆ ಬರೀ ಬಣ್ಣ ಹತ್ತಿದರೆ, ಅಲ್ಯುಮಿನಿಯಮ್ಮನ್ನು ಅದು ತಿಂದೇ ಹಾಕುತ್ತದೆ. ನಮ್ಮಲ್ಲಿ ಅಲ್ಯುಮಿನಿಯಂ ಪಾತ್ರೆಯನ್ನು ಮೈಲುತುತ್ತದ ಹತ್ತಿರ ಮಕ್ಕಳೂ ಒಯ್ಯುವುದಿಲ್ಲ.

ಮಧ್ಯಾಹ್ನ ಸುಂದರಣ್ಣ ಊಟಕ್ಕೆ ಹೋದ ಹೊತ್ತು ನೋಡಿ ಗ್ಯಾರೇಜಿಗೆ ಹೋದೆ. ಎಂಜಿನ್ನಿನ ಮುಂದಿನ ಕವರು, ನೀರು ಹಾದುಹೋಗುವ ಅಲ್ಯುಮಿನಿಯಂ ಕವರು, ಎಂಜಿನ್ ಪಕ್ಕ ಇರಲಿಲ್ಲ. ಹುಡುಕಿದರೆ ಗುಜರಿ ಮೂಟೆಯ ತಳದಲ್ಲಿ, ಹಳೆಯ ಕ್ಲಚ್ ಪ್ಲೇಟುಗಳ ಅಡಿಯಲ್ಲಿ ಸಿಕ್ಕಿತು. ಒಳಮೈ ಗೆದ್ದಲು ತಿಂದ ಹಾಗೆ ಹುಳುಕು ಬಿದ್ದಿತ್ತು. ಒಂದು ಕಡೆ ಬೆಂಕಿಕಡ್ಡಿ ತೂರುವಷ್ಟು ತೂತು. ಆ ತೂತಿನಿಂದ ನೀರು ಆಯಿಲಿಗೆ ಇಳಿದಿತ್ತು, ನೀರು ಬೆರೆತ ಆಯಿಲಿನಲ್ಲಿ ಎಂಜಿನ್ ಸತ್ತಿತ್ತು. ಸುಂದರಣ್ಣ ತೋಟದಿಂದ ತಂದಿದ್ದ ಡ್ರಮ್ಮು ಶೆಡ್ಡಿನ ಹಿಂದೆ ಇರಲಿಲ್ಲ.

ಕವರನ್ನು ಚೀಲಕ್ಕೆ ಹಾಕಿಕೊಂಡು ಸಂಜೆ ಕಡಹಿನಬೈಲಿನ ಅವರ ಮನೆಗೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಪ್ರಾರ್ಥನೆ, ಅವರು ಇದನ್ನು ನೋಡಿರಬಾರದು ಅಂತ. ಕೆಲಸದವರು ಯಾರೋ ಮೂಟೆಗೆ ಹಾಕಿರಬೇಕು, ಅವರ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ ಅಂತ. ಹುಚ್ಚು ಮುಂಡೇದು ನಾನು.

ಅವರ ಹೆಂಡತಿ ದೇವಕಿಯಕ್ಕ ಬಾಗಿಲಲ್ಲೇ, "ಎಂತ ಇಳಿದುಹೋಗಿದೀಯೆ ಕೂಸೇ" ಎಂದು ಕಾಫಿ ತಂದಿಟ್ಟು ಒಳಗೆ ಹೋದರು. ನಾನು ಕವರನ್ನು ಜಗಲಿಯ ಮೇಲೆ ಇಟ್ಟೆ. ಸುಂದರಣ್ಣ ಅದನ್ನು ಮುಟ್ಟಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಅವರ ಕಣ್ಣು ನೆಟ್ಟಗೆ ಅಂಗಳದಾಚೆ ಮಗುಚಿ ಹಾಕಿದ್ದ ನೀಲಿ ಡ್ರಮ್ಮಿನ ಕಡೆ ಹೋಯಿತು.

"ಇದನ್ನ ಯಾವಾಗ ನೋಡಿದ್ರಿ ಸುಂದರಣ್ಣ?"

"ಬಿಚ್ಚಿದ ದಿನ" ಅಂದರು. "ಆಯಿಲಿಗೆ ನೀರು ಸೇರಿದೆ ಅಂತ ಬೋಟಲ್ಲೇ ಗೊತ್ತಾಯ್ತು. ಕಡ್ಡಿ ಎಳೆದ್ರೆ ಹಾಲು ಹಾಕಿದ ಕಾಫಿ ಹಾಗಿತ್ತು. ಯಾಕೆ ಅಂತ ಗೊತ್ತಾದ್ದು ಬಿಚ್ಚಿದ ಮೇಲೆ. ಮೈಲುತುತ್ತದ ಗಂಟು ಡ್ರಮ್ಮಿನ ತಳದಲ್ಲೇ ಉಳಿದಿತ್ತು ಮಾರಾಯ್ತಿ. ನೀಲಿ ಡ್ರಮ್ಮು, ನೀಲಿ ನೀರು. ಕಾಣ್ಲೇ ಇಲ್ಲ."

"ತಪ್ಪು ಯಾರಿಗೂ ಆಗ್ತದೆ. ನಂಗೂ ಆಗ್ತಿತ್ತು. ನನ್ನ ಹೆಸರು ಯಾಕೆ ಹೇಳಿದ್ರಿ?"

"ಅಷ್ಟು ಜನ ನಿಂತಿದ್ರು. ಬಾಯಿಗೆ ಬಂದದ್ದು ಹೇಳ್ದೆ."

"ಗುಜರಿಯವ್ರು ಕೆಟ್ಟ ಎಂಜಿನ್ ಕೊಟ್ರು ಅನ್ನಬಹುದಿತ್ತು. ಯಜ್ಞೇಶಣ್ಣ ಜಾಸ್ತಿ ಒತ್ತಿದ್ರು ಅನ್ನಬಹುದಿತ್ತು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಯಾಕೆ ಬರೆ ಹಾಕಿದ್ರಿ?"

ಅವರು ಕಾಫಿ ಲೋಟ ತಿರುಗಿಸುತ್ತಾ ಕೂತರು. ನಾನು ಏಳದೆ ಇದ್ದದ್ದು ನೋಡಿ ಕೊನೆಗೆ ಹೇಳಿದರು.

"ಅವ್ರೆಲ್ಲ ತಿರುಗಿ ಮಾತಾಡ್ತಿದ್ರು. ನೀನು ನನ್ನ ಮೇಲೆ ಮಾತಾಡಲ್ಲ ಅಂತ ಗೊತ್ತಿತ್ತು."

ಈ ಮಾತನ್ನು ಅವರು ಕೆಟ್ಟದಾಗಿ ಹೇಳಲಿಲ್ಲ. ಬೇಸರದಿಂದಲೇ ಹೇಳಿದರು. ಅದಕ್ಕೇ ಅದು ಇನ್ನೂ ಉರಿಯುತ್ತದೆ. ಇಪ್ಪತ್ತು ವರ್ಷ ಅವರ ಮುಂದೆ ನಾನು ಸ್ವರ ಎತ್ತದೆ ನಿಂತದ್ದು ಮರ್ಯಾದೆಯಿಂದ, ಪ್ರೀತಿಯಿಂದ. ಅವರು ಅದನ್ನು ನೋಡಿಟ್ಟುಕೊಂಡಿದ್ದರು, ಬೇಕಾದ ದಿನ ತೆಗೆದು ಬಳಸಿದರು. ನನಗೆ ಆ ಕ್ಷಣ ಅವರ ಅಂಗಳದಲ್ಲಿ ಹೊರಳಾಡಿ ಅಳಬೇಕು ಅನ್ನಿಸಿತು. ಅಳಲಿಲ್ಲ.

"ನೀವೇ ಹೇಳ್ಬೇಕು" ಅಂದೆ. "ಎಲ್ಲಿ ಹೇಳಿದ್ರೋ ಅಲ್ಲೇ. ಅವ್ರ ಮುಂದೆನೇ. ನಂಗೆ ಬೇರೆ ಎಂತದೂ ಬೇಡ."

"ಹೇಳ್ತೀನಿ" ಅಂದರು. "ಭಾನುವಾರ ಜೆಟ್ಟಿಗೆ ಬಾ. ನಾನೇ ಹೇಳ್ತೀನಿ." ಹೊರಡುವಾಗ ದೇವಕಿಯಕ್ಕ ಕೈಗೆ ಹಾಲುಬಾಯಿ ಕಟ್ಟಿಕೊಟ್ಟರು. ನಾನು ಸಮಾಧಾನದಿಂದ ಬಸ್ಸಿನಲ್ಲೇ ಅದನ್ನು ತಿಂದೆ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಜೆಟ್ಟಿ ತಲುಪಿದೆ. ಯಜ್ಞೇಶರಿದ್ದರು, ಗುರುವ ಇದ್ದ, ಶೃಂಗೇರಿಯಿಂದ ಪ್ರವಾಸಿಗಳನ್ನು ಕರೆತಂದಿದ್ದ ರಾಕೇಶನೂ ಇದ್ದ. ಸುಂದರಣ್ಣ ಎಂಜಿನ್ ಇಲ್ಲದ ಬೋಟಿನೊಳಗೆ ಟೇಪು ಹಿಡಿದು ಏನೋ ಅಳೆಯುತ್ತಿದ್ದರು. ನಾನು ಚೀಲದಿಂದ ಕವರು ತೆಗೆದು ಯಜ್ಞೇಶರ ಮುಂದಿನ ಮೇಜಿನ ಮೇಲಿಟ್ಟೆ.

"ಸುಂದರಣ್ಣ ನಿಮಗೊಂದು ಮಾತು ಹೇಳ್ಬೇಕಂತೆ" ಅಂದೆ.

ಸುಂದರಣ್ಣ ಮೇಲೆ ಬಂದರು. ಕೈ ಒರೆಸಿಕೊಂಡರು. ಕವರನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು, ಮೊದಲ ಸಲ ನೋಡುವವರ ಹಾಗೆ.

"ಇದ್ಯಾವುದು ದಾಕ್ಷಿ? ಇಂಥವು ನಮ್ಮ ಗುಜರಿ ಮೂಟೆಯಲ್ಲಿ ಬೇಕಾದಷ್ಟಿವೆ" ಅಂದರು. ಯಜ್ಞೇಶರ ಕಡೆ ತಿರುಗಿ, "ಬೇಜಾರಲ್ಲಿದಾಳೆ, ಪಾಪ. ಆದದ್ದು ಆಗಿಹೋಯ್ತು, ಯಾರೂ ಇವಳಿಗೆ ಎಂತದೂ ಅನ್ನಬೇಡಿ" ಅಂದರು.

ಆ 'ಪಾಪ' ನನ್ನ ಕಪಾಳಕ್ಕೆ ಬಿತ್ತು. ರಾಕೇಶ ನೆಲ ನೋಡಿದ. ಗುರುವ ಆ ಕೆಂಪು ಬೋಲ್ಟುಗಳನ್ನು ಕಣ್ಣಾರೆ ಕಂಡಿದ್ದ, ಆದರೆ ಅನ್ನದ ಪ್ರಶ್ನೆ, ಅವನು ಹಗ್ಗ ಸುತ್ತತೊಡಗಿದ. ನಾನು ಬಾಯಿ ತೆರೆದು ಡ್ರಮ್ಮಿನ ಕಥೆ ಪೂರ್ತಿ ಹೇಳಿದೆ, ಮೈಲುತುತ್ತ, ಗಂಟು, ಕಡಹಿನಬೈಲಿನ ಜಗಲಿ, ಎಲ್ಲ. ಅವಸರದಲ್ಲಿ ಹಿಂದಿನದು ಮುಂದೆ, ಮುಂದಿನದು ಹಿಂದೆ ಆಯಿತು, ಹಾಗಾಗಿ ಸುಳ್ಳಿನ ಹಾಗೆ ಕೇಳಿಸಿತು. ಸುಂದರಣ್ಣ ತಲೆ ಅಲ್ಲಾಡಿಸುತ್ತಾ ನಿಂತಿದ್ದರು. ಯಜ್ಞೇಶರು, "ಇರ್ಲಿ ಬಿಡಿ, ಇರ್ಲಿ ಬಿಡಿ" ಅಂದರು.

ಇರಲಿ ಬಿಡಿಯಂತೆ! ನಾನು ನೆಟ್ಟಗೆ ಬೋಟಿಗೆ ಇಳಿದೆ. ಎಂಜಿನ್ ಹೋಗಿದ್ದರೂ ನನ್ನ ವೈರಿಂಗು ಹಾಗೇ ಇತ್ತು, ಬೋಟಿನ ಪಕ್ಕೆಗುಂಟ ಕಟ್ಟಿದ ಹಾಗೇ. ಜೇಬಿನಿಂದ ಕಟರ್ ತೆಗೆದು ಪಟ್ಟಿಗಳನ್ನು ಒಂದೊಂದಾಗಿ ಕತ್ತರಿಸಿ, ಕಂತೆಯನ್ನು ಸುತ್ತಿಕೊಳ್ಳತೊಡಗಿದೆ.

"ಏ ಏ! ಎಂತ ಮಾಡ್ತೀರಿ?" ಎಂದು ಯಜ್ಞೇಶರು ಮೇಜು ಬಿಟ್ಟು ಓಡಿಬಂದರು. "ಅದನ್ನ ಬಿಚ್ಚಬೇಡಿ. ಮುಂದಿನ ವಾರ ಇನ್ನೊಂದು ಎಂಜಿನ್ ಬರ್ತದೆ, ಅದಕ್ಕೆ ಬೇಕು."

"ಕೆಟ್ಟ ವೈರಿಂಗ್ ನಿಮಗೆ ಯಾಕೆ ಯಜ್ಞೇಶಣ್ಣ?"

"ಕೆಟ್ಟಿಲ್ಲ ಅಂತ ಸುಂದರಣ್ಣನೇ ಹೇಳಿದ್ರಲ್ಲ! ಅದೇ ಎಂಜಿನ್ನಿನ ಜೋಡಿ ಸಿಕ್ಕಿದೆ, ಒಂದು ವೈರೂ ಮುಟ್ಟೂದು ಬೇಡ, ಹಾಗೇ ಕೂತ್ಕೊಳ್ತದೆ ಅಂತ ನಿನ್ನೆ ತಾನೆ…"

ಅಷ್ಟಕ್ಕೆ ಅವರು ನಿಂತರು. ತಮ್ಮ ಬಾಯಿಂದ ಬಂದದ್ದು ಏನೆಂದು ಅವರಿಗೂ ತಿಳಿಯಿತು. ರಾಕೇಶ ತಲೆ ಎತ್ತಿ ಮೊದಲು ಅವರನ್ನು, ಆಮೇಲೆ ಸುಂದರಣ್ಣನನ್ನು ನೋಡಿದ. ಗುರುವನ ಕೈಯ ಹಗ್ಗ ನಿಂತಿತು. ನಾನು ಕಡಹಿನಬೈಲಿನಿಂದ ಸಮಾಧಾನ ಕಟ್ಟಿಕೊಂಡು ಬಂದ ಮೇಲೆ ಸುಂದರಣ್ಣ ಇಲ್ಲಿಗೆ ಬಂದು ನನ್ನ ಎರಡು ತಿಂಗಳ ಕೆಲಸವನ್ನು, ನನ್ನ ಹೆಸರು ಕಿತ್ತು, ಇನ್ನೊಂದು ಎಂಜಿನ್ನಿಗೆ ಮಾತಾಡಿ ಮುಗಿಸಿದ್ದರು.

ಕೊನೆಯ ಪಟ್ಟಿ ಕತ್ತರಿಸಿ ಕಂತೆಯನ್ನು ಹೆಗಲಿಗೆ ಹಾಕಿಕೊಂಡು ಮೇಲೆ ಬಂದೆ. ಸುಂದರಣ್ಣನ ಮುಂದೆ ನಿಂತೆ. ಇಷ್ಟಾದ ಮೇಲೂ, ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಕಾದೆ. ಈಗ ಬಚ್ಚಿಡಲು ಏನೂ ಉಳಿದಿರಲಿಲ್ಲ, ಅಲ್ಲಿದ್ದವರಿಗೆಲ್ಲ ಗೊತ್ತಾಗಿತ್ತು. ಈಗಲಾದರೂ ಒಂದು ಮಾತು ಬಂದೀತು ಎಂದು ಅವರ ಬಾಯಿಯನ್ನೇ ನೋಡಿದೆ.

"ಬಿಸಿಲು ಜೋರಿದೆ" ಅಂದರು. "ಅದು ಭಾರ ಉಂಟು. ಬಾ, ಜೀಪಲ್ಲಿ ಕೊಪ್ಪಕ್ಕೆ ಬಿಡ್ತೀನಿ."

ನಾನು ಬಸ್ಸಿಗೆ ಹೋಗ್ತೀನಿ ಅಂದೆ.